ಸೋತ ತಿದ್ದುಪಡಿಗಳ ಸಂಸದೀಯ ಪಟು: ಹರಿ ವಿಷ್ಣು ಕಾಮತ್ ನನಗೇಕೆ ಇಷ್ಟ

ನೆಚ್ಚಿನ ಜನಪ್ರತಿನಿಧಿ ಯಾರು ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಹೇಳುವುದು ಮುಖ್ಯಮಂತ್ರಿಯೋ ಮಂತ್ರಿಯೋ ಆಗಿದ್ದವರ ಹೆಸರನ್ನು. ಅಣೆಕಟ್ಟು ಕಟ್ಟಿಸಿದವರು, ಊರಿಗೆ ಕಾಲೇಜು ತಂದವರು, ಕಷ್ಟಕಾಲದಲ್ಲಿ ವರ್ಗಾವಣೆ ಮಾಡಿಸಿಕೊಟ್ಟವರು. ಇವೆಲ್ಲ ಆಡಳಿತದ ಕೆಲಸ. ಶಾಸನ ಸಭೆಯ ಸದಸ್ಯನ ಮೊದಲ ಕೆಲಸ ಬೇರೆಯೇ ಇದೆ: ಮಸೂದೆಯನ್ನು ಓದುವುದು, ಅದರ ಯಾವ ಪದ ನಾಳೆ ಯಾರ ಕೈಯಲ್ಲಿ ಆಯುಧವಾದೀತು ಎಂದು ಊಹಿಸುವುದು, ಎದ್ದು ನಿಂತು ಅದನ್ನು ಹೇಳುವುದು, ಮತಕ್ಕೆ ಹಾಕಿಸುವುದು. ಇದನ್ನು ಮಾಡಿದವರ ಹೆಸರು ಶಿಲಾಫಲಕಕ್ಕೆ ಏರುವುದಿಲ್ಲ. ಕಲಾಪದ ವರದಿಯಲ್ಲಿ ಉಳಿಯುತ್ತದೆ, ಅದನ್ನು ತೆರೆದು ಓದುವವರು ಕಡಿಮೆ.

ಈ ಅಳತೆಗೋಲು ಹಿಡಿದು ಹುಡುಕಿದರೆ ನನಗೆ ಮೊದಲು ಸಿಗುವವರು ಹರಿ ವಿಷ್ಣು ಕಾಮತ್. 1907ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಐಸಿಎಸ್ ಪಾಸು ಮಾಡಿ ಮಧ್ಯ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದವರು 1938ರಲ್ಲಿ ಆ ನೌಕರಿ ಬಿಟ್ಟು ಸುಭಾಷ್‌ಚಂದ್ರ ಬೋಸರ ಜೊತೆ ನಿಂತರು, ಬೋಸರು ಕಟ್ಟಿದ ಫಾರ್ವರ್ಡ್ ಬ್ಲಾಕಿನಲ್ಲಿ ದುಡಿದರು. ಸಂವಿಧಾನ ಸಭೆಗೆ ಹೋದದ್ದು ಮಧ್ಯ ಪ್ರಾಂತ್ಯ ಮತ್ತು ಬೇರಾರ್‌ನಿಂದ, ಆಮೇಲೆ ಲೋಕಸಭೆಗೆ ಹೋದದ್ದು ಹೋಶಂಗಾಬಾದಿನಿಂದ. ಹೀಗಾಗಿ ಕರಾವಳಿಯವರಿಗೆ ಅವರು ದೂರದವರಾದರು, ನರ್ಮದಾ ತೀರದವರಿಗೆ ಹೊರಗಿನಿಂದ ಬಂದವರಾಗಿಯೇ ಉಳಿದರು. ಎರಡೂ ಕಡೆ ಮರೆತುಹೋಗಲು ಇದಕ್ಕಿಂತ ಒಳ್ಳೆಯ ದಾರಿ ಬೇಕೇ? ಅವರು ಸಂವಿಧಾನ ಸಭೆಯಲ್ಲಿ ತಂದ ದೊಡ್ಡ ತಿದ್ದುಪಡಿಗಳು ಬಿದ್ದುಹೋದವು. ಅವರನ್ನು ಆರಿಸಿಕೊಳ್ಳಲು ನನಗಿರುವ ಕಾರಣವೂ ಆ ಸೋಲುಗಳಲ್ಲೇ ಇದೆ. ಅದನ್ನು ಅರ್ಥಮಾಡಿಕೊಳ್ಳಲು ಸಂವಿಧಾನ ಸಭೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಸ್ವಲ್ಪ ಒಳಹೊಕ್ಕು ನೋಡಬೇಕು.

ಕರಡು ಸಂವಿಧಾನದ ಒಂದೊಂದು ವಿಧಿಯನ್ನೂ ಸಭೆಯ ಮುಂದಿಟ್ಟು, ಅದರ ಮೇಲೆ ಬಂದ ತಿದ್ದುಪಡಿಗಳನ್ನು ಒಂದೊಂದಾಗಿ ಚರ್ಚಿಸಿ, ಮತಕ್ಕೆ ಹಾಕಿ, ನಂತರವೇ ಮುಂದಿನ ವಿಧಿಗೆ ಹೋಗುತ್ತಿದ್ದರು. ಒಟ್ಟು 7,635 ತಿದ್ದುಪಡಿಗಳ ಸೂಚನೆ ಬಂದಿದ್ದವು. ಅವುಗಳಲ್ಲಿ ಸಭೆಯಲ್ಲಿ ಮಂಡನೆಯಾದದ್ದು 2,473. ಈ ಸಂಖ್ಯೆ ನೋಡಿ ಎಲ್ಲವೂ ಸಭೆಯ ನೆಲದ ಮೇಲೇ ತೀರ್ಮಾನವಾಗುತ್ತಿತ್ತು ಎಂದುಕೊಂಡರೆ ತಪ್ಪಾದೀತು. ಸಭೆಯಲ್ಲಿ ಕಾಂಗ್ರೆಸ್ಸಿನದೇ ಭಾರೀ ಬಹುಮತ. ಮುಖ್ಯವಾದ ವಿಧಿಗಳನ್ನು ಮೊದಲು ಪಕ್ಷದ ಸಭೆಯಲ್ಲಿ ಚರ್ಚಿಸಿ ಒಂದು ನಿಲುವಿಗೆ ಬಂದು, ನಂತರ ಸಂವಿಧಾನ ಸಭೆಗೆ ತರುವ ರೂಢಿ ಇತ್ತು. ಅಂಥ ಕಡೆ ಎದ್ದು ನಿಂತು ‘ಇದು ಬೇಡ’ ಎನ್ನುವವನಿಗೆ ತಾನು ಸೋಲುತ್ತೇನೆ ಎಂಬುದು ಬಾಯಿ ತೆರೆಯುವ ಮೊದಲೇ ಗೊತ್ತಿರುತ್ತಿತ್ತು.

ಆದರೂ ಏಳುತ್ತಿದ್ದವರು ಕೆಲವರಿದ್ದರು. 1949ರ ನವೆಂಬರ್ 25ರ ಪ್ರಸಿದ್ಧ ಭಾಷಣದಲ್ಲಿ ಅಂಥವರನ್ನು ಅಂಬೇಡ್ಕರ್ ನೆನೆದಿದ್ದಾರೆ. ಆ ಭಾಷಣದಲ್ಲಿ ವ್ಯಕ್ತಿಪೂಜೆಯ ಅಪಾಯ, ಸಾಮಾಜಿಕ ಪ್ರಜಾಪ್ರಭುತ್ವದ ಮಾತುಗಳನ್ನು ಎಲ್ಲರೂ ಉದ್ಧರಿಸುತ್ತಾರೆ, ಅದಕ್ಕೂ ಮುಂಚೆ ಬರುವ ಈ ಭಾಗವನ್ನು ಹಾರಿಸಿಬಿಡುತ್ತಾರೆ. ಎಲ್ಲ ಸದಸ್ಯರೂ ಪಕ್ಷದ ಶಿಸ್ತಿಗೆ ತಲೆಬಾಗಿದ್ದರೆ ಸಭೆಯ ಕಲಾಪ ತೀರ ನೀರಸವಾಗುತ್ತಿತ್ತು, ಪುಣ್ಯಕ್ಕೆ ಕೆಲವು ಬಂಡಾಯಗಾರರಿದ್ದರು ಎಂದು ಹೇಳಿ ಅಂಬೇಡ್ಕರ್ ಹೆಸರುಗಳ ಪಟ್ಟಿ ಕೊಡುತ್ತಾರೆ. ಪಟ್ಟಿಯ ಮೊದಲ ಹೆಸರು ಕಾಮತರದು. ಪಂಜಾಬ್‌ರಾವ್ ದೇಶಮುಖ್, ಸಿಧ್ವಾ, ಕೆ.ಟಿ. ಷಾ, ಹೃದಯನಾಥ ಕುಂಜ್ರು ಮುಂತಾದವರು ಅವರ ಜೊತೆಗಿದ್ದಾರೆ. ಅವರ ಸಲಹೆಗಳನ್ನು ತಾನು ಒಪ್ಪಲಿಲ್ಲವೆಂದ ಮಾತ್ರಕ್ಕೆ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ, ಅವರಿಲ್ಲದಿದ್ದರೆ ಸಂವಿಧಾನದ ಹಿಂದಿರುವ ತತ್ತ್ವಗಳನ್ನು ಬಿಡಿಸಿ ಹೇಳುವ ಅವಕಾಶವೇ ತನಗೆ ಸಿಗುತ್ತಿರಲಿಲ್ಲ ಎನ್ನುತ್ತಾರೆ. ಹಗಲೆಲ್ಲ ತನ್ನನ್ನು ಕಾಡಿದವರ ಬಗ್ಗೆ ಒಬ್ಬ ಮಂತ್ರಿ ಆಡಿದ ಇಂಥ ಮಾತು ನಮ್ಮ ಸಂಸದೀಯ ಇತಿಹಾಸದಲ್ಲಿ ಹೆಚ್ಚು ಸಿಗಲಿಕ್ಕಿಲ್ಲ.

ಕಾಮತರು ಅತ್ಯಂತ ಬಿರುಸಾಗಿ ಹೋರಾಡಿದ್ದು ತುರ್ತುಪರಿಸ್ಥಿತಿಯ ಅಧ್ಯಾಯದ ಮೇಲೆ, 1949ರ ಆಗಸ್ಟ್ ತಿಂಗಳಿನಲ್ಲಿ. ಈ ಅಧ್ಯಾಯ ಹೇಗೆ ಕೆಲಸ ಮಾಡುತ್ತದೆ ಎಂಬುದು ಹಲವರಿಗೆ ಗೊಂದಲ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಇಂದಿನ ಸಂಖ್ಯೆಗಳಲ್ಲಿ ಹೇಳುವುದಾದರೆ 352ನೇ ವಿಧಿ ಇಡೀ ದೇಶಕ್ಕೆ ತುರ್ತುಪರಿಸ್ಥಿತಿ ಘೋಷಿಸುವ ಅಧಿಕಾರ ಕೊಡುತ್ತದೆ. ಮೂಲದಲ್ಲಿ ಇದಕ್ಕೆ ಮೂರು ಕಾರಣಗಳಿದ್ದವು: ಯುದ್ಧ, ಹೊರಗಿನ ಆಕ್ರಮಣ, ಆಂತರಿಕ ಕ್ಷೋಭೆ. 358ನೇ ವಿಧಿಯ ಪ್ರಕಾರ ಘೋಷಣೆಯಾದ ಕೂಡಲೇ ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ ಮೊದಲಾದ 19ನೇ ವಿಧಿಯ ಹಕ್ಕುಗಳು ತಾವಾಗಿಯೇ ಅಮಾನತಿಗೆ ಹೋಗುತ್ತಿದ್ದವು. ಮಿಕ್ಕ ಮೂಲಭೂತ ಹಕ್ಕುಗಳ ಕಥೆ 359ನೇ ವಿಧಿಯಲ್ಲಿದೆ. ಅದು ಹಕ್ಕನ್ನು ನೇರವಾಗಿ ಕಿತ್ತುಕೊಳ್ಳುವುದಿಲ್ಲ. ಹಕ್ಕು ನಿನ್ನದೇ, ಆದರೆ ಅದಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿಲ್ಲ ಎನ್ನುತ್ತದೆ. ಪೊಲೀಸರು ಕಾರಣ ಹೇಳದೆ ಎಳೆದೊಯ್ದರೆ ‘ಇವನನ್ನು ಯಾಕೆ ಹಿಡಿದಿಟ್ಟಿದ್ದೀರಿ’ ಎಂದು ಕೇಳಲು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುತ್ತೇವಲ್ಲ, ಆ ಬಾಗಿಲೇ ಮುಚ್ಚುತ್ತಿತ್ತು.

ಕಾಮತರ ವಾದದ ತಿರುಳು ಎರಡು ಮಾತುಗಳಲ್ಲಿತ್ತು. ಮೊದಲನೆಯದು ಹೋಲಿಕೆ. ತಾನು ಲೋಕದ ಪ್ರಜಾಸತ್ತಾತ್ಮಕ ಸಂವಿಧಾನಗಳನ್ನೆಲ್ಲ ಜಾಲಾಡಿದರೂ ಇಂಥ ಅಧ್ಯಾಯ ಸಿಗಲಿಲ್ಲ, ಇದಕ್ಕೆ ಹತ್ತಿರವಾದದ್ದು ಜರ್ಮನಿಯ ವೈಮಾರ್ ಸಂವಿಧಾನ ಮಾತ್ರ, ಅದರ ಇಂಥದೇ ವಿಧಿಗಳನ್ನು ಬಳಸಿಕೊಂಡು ಹಿಟ್ಲರ್ ಆ ಸಂವಿಧಾನವನ್ನೇ ಮುಗಿಸಿದ ಎಂದರು. ಇದು ಬರೀ ಭಾಷಣದ ಅಬ್ಬರವಲ್ಲ. ವೈಮಾರ್ ಸಂವಿಧಾನದ 48ನೇ ವಿಧಿ ಅಧ್ಯಕ್ಷನಿಗೆ ಮೂಲಭೂತ ಹಕ್ಕುಗಳನ್ನು ಅಮಾನತು ಮಾಡುವ ಅಧಿಕಾರ ಕೊಟ್ಟಿತ್ತು. 1933ರ ಫೆಬ್ರುವರಿಯಲ್ಲಿ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನವೇ ಅದರಡಿ ಆದೇಶ ಹೊರಟಿತು, ವಿರೋಧಿಗಳನ್ನು ಸೆರೆಗೆ ತಳ್ಳಲು ಹಿಟ್ಲರನಿಗೆ ಬೇಕಾದ ಕಾನೂನಿನ ಆಸರೆ ಸಿಕ್ಕಿತು. ಎರಡನೆಯ ಮಾತು ಪರಿಣಾಮದ ಬಗ್ಗೆ. ಆಗಸ್ಟ್ 20ರಂದು, ಈಗಿನ 359ನೇ ವಿಧಿ ಚರ್ಚೆಗೆ ಬಂದಾಗ, ಈ ಒಂದೇ ಅಧ್ಯಾಯದಿಂದ ನಾವು ಪೊಲೀಸ್ ರಾಜ್ಯಕ್ಕೆ ಅಡಿಪಾಯ ಹಾಕುತ್ತಿದ್ದೇವೆ, ಅಲ್ಲಿ ಶಾಂತಿ ಇದ್ದರೂ ಅದು ಗೋರಿಯ ಶಾಂತಿ, ಮರುಭೂಮಿಯ ಬರಿದುತನ ಎಂದು ಎಚ್ಚರಿಸಿದರು.

ಎದುರು ಪಕ್ಷದ ವಾದವನ್ನೂ ಕೇಳಬೇಕು, ಇಲ್ಲವಾದರೆ ಕಾಮತರಿಗೇ ಅನ್ಯಾಯವಾಗುತ್ತದೆ. ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು, ಹೈದರಾಬಾದಿಗೆ ಸೈನ್ಯ ಹೋಗಿ ಒಂದು ವರ್ಷವೂ ಆಗಿರಲಿಲ್ಲ, ತೆಲಂಗಾಣದಲ್ಲಿ ಸಶಸ್ತ್ರ ಹೋರಾಟ ನಡೆಯುತ್ತಲೇ ಇತ್ತು. ರಾಷ್ಟ್ರವೇ ಉಳಿಯದಿದ್ದರೆ ಹಕ್ಕು ಎಲ್ಲಿ ಉಳಿದೀತು ಎಂಬ ಪ್ರಶ್ನೆ ಅಂದಿನವರಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರಂಥ ಕಾನೂನು ಪಂಡಿತರು ಈ ಅಧ್ಯಾಯವನ್ನು ಸಂವಿಧಾನದ ಜೀವಶ್ವಾಸ ಎಂದೇ ಕರೆದರು. ಸಭೆ ಅವರ ಜೊತೆ ಹೋಯಿತು. ಆ ಹೊತ್ತಿನಲ್ಲಿ ಅಲ್ಲಿದ್ದರೆ ನಾನೂ ಬಹುಶಃ ಅಲ್ಲಾಡಿಯವರ ಕಡೆಗೇ ಕೈ ಎತ್ತುತ್ತಿದ್ದೆ.

ಮುಂದೆ ನಡೆದದ್ದು ಎಲ್ಲರಿಗೂ ತಿಳಿದ ವಿಷಯ. 1975ರ ಜೂನ್ 25ರ ರಾತ್ರಿ ‘ಆಂತರಿಕ ಕ್ಷೋಭೆ’ಯ ಕಾರಣ ಕೊಟ್ಟು ತುರ್ತುಪರಿಸ್ಥಿತಿ ಘೋಷಣೆಯಾಯಿತು. ಮಂತ್ರಿಮಂಡಲಕ್ಕೆ ವಿಷಯ ತಿಳಿದದ್ದು ರಾಷ್ಟ್ರಪತಿಗಳ ಸಹಿ ಬಿದ್ದ ಮೇಲೆ, ಮರುದಿನ ಬೆಳಿಗ್ಗೆ. ಎರಡೇ ದಿನದಲ್ಲಿ 359ನೇ ವಿಧಿಯಡಿ ಆದೇಶ ಹೊರಟು 14 (ಸಮಾನತೆ), 21 (ಜೀವ, ಸ್ವಾತಂತ್ರ್ಯ) ಮತ್ತು 22ನೇ (ಬಂಧನದ ವಿರುದ್ಧ ರಕ್ಷಣೆ) ವಿಧಿಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕು ನಿಂತಿತು. ವಾಜಪೇಯಿ, ಅಡ್ವಾಣಿ ಅವರು ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದವರು ಇಲ್ಲಿಯೇ ಬಂಧನಕ್ಕೊಳಗಾಗಿ ಇಲ್ಲಿನ ಕೇಂದ್ರ ಕಾರಾಗೃಹ ಸೇರಿದರು. ದೇಶದ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿ ಕೇಳಲು ಒಪ್ಪಿದರೂ 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಜಬಲ್ಪುರ ಮೊಕದ್ದಮೆಯಲ್ಲಿ ನಾಲ್ಕಕ್ಕೆ ಒಂದರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಪೊಲೀಸನೊಬ್ಬ ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ಖನ್ನಾ ಕೇಳಿದಾಗ, ತುರ್ತುಪರಿಸ್ಥಿತಿ ಇರುವಷ್ಟು ಕಾಲ ಇಲ್ಲ ಎಂದು ಅಟಾರ್ನಿ ಜನರಲ್ ಒಪ್ಪಿಕೊಂಡರು. ಗೋರಿಯ ಶಾಂತಿ ಎಂದು ಕಾಮತರು ಹೇಳಿದ್ದು ಈ 359ನೇ ವಿಧಿಯ ಚರ್ಚೆಯಲ್ಲೇ.

ನನಗೆ ಈ ಕಥೆಯಲ್ಲಿ ಬಹಳ ಹಿಡಿಸುವ ಭಾಗ ಇದರ ಮುಂದಿನದು. 1977ರ ಚುನಾವಣೆಯಲ್ಲಿ ಹೋಶಂಗಾಬಾದ್ ಕ್ಷೇತ್ರ ಕಾಮತರನ್ನು ಜನತಾ ಪಕ್ಷದಿಂದ ಮತ್ತೆ ಲೋಕಸಭೆಗೆ ಕಳಿಸಿತು. ಅವರಿಗಾಗ ಹತ್ತಿರ ಹತ್ತಿರ ಎಪ್ಪತ್ತು ವರ್ಷ. ಆ ಲೋಕಸಭೆಯ ಕಾಲದಲ್ಲೇ ಸಂವಿಧಾನದ 44ನೇ ತಿದ್ದುಪಡಿ ಬಂತು, 1978ರಲ್ಲಿ ಅಂಗೀಕಾರವಾಗಿ 1979ರಲ್ಲಿ ಜಾರಿಯಾಯಿತು. ‘ಆಂತರಿಕ ಕ್ಷೋಭೆ’ ಹೋಗಿ ಆ ಜಾಗಕ್ಕೆ ‘ಸಶಸ್ತ್ರ ಬಂಡಾಯ’ ಬಂತು. ಮಂತ್ರಿಮಂಡಲದ ತೀರ್ಮಾನ ಲಿಖಿತವಾಗಿ ತಲುಪದೆ ರಾಷ್ಟ್ರಪತಿ ಸಹಿ ಹಾಕುವಂತಿಲ್ಲ ಎಂದಾಯಿತು. ಒಂದು ತಿಂಗಳೊಳಗೆ ಸಂಸತ್ತು ವಿಶೇಷ ಬಹುಮತದಿಂದ ಒಪ್ಪಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. ಎಲ್ಲಕ್ಕಿಂತ ಮುಖ್ಯವಾಗಿ, 20 ಮತ್ತು 21ನೇ ವಿಧಿಗಳಿಗಾಗಿ ಕೋರ್ಟಿಗೆ ಹೋಗುವ ದಾರಿಯನ್ನು ಯಾವ ತುರ್ತುಪರಿಸ್ಥಿತಿಯಲ್ಲೂ ಮುಚ್ಚುವಂತಿಲ್ಲ. 21 ಎಂದರೆ ಜೀವದ, ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು.

ಇದನ್ನು ಕಾಮತರ ಗೆಲುವು ಎಂದು ಬರೆದುಬಿಟ್ಟರೆ ಸುಳ್ಳಾಗುತ್ತದೆ. ಆ ತಿದ್ದುಪಡಿ ಬಂದದ್ದು ಇಪ್ಪತ್ತೊಂದು ತಿಂಗಳ ಅನುಭವದಿಂದ, ಜೈಲು ಕಂಡ ಹಲವು ಸಂಸದರಿಂದ, ಸೋತ ಸರ್ಕಾರದ ಮೇಲೆ ಜನರಿಗಿದ್ದ ಸಿಟ್ಟಿನಿಂದ. 1949ರ ಭಾಷಣ ಓದಿ ಯಾರೂ ಮತ ಹಾಕಲಿಲ್ಲ. ಅವರ ಕೊಡುಗೆಯನ್ನು ನಾನು ಬೇರೆ ಕಡೆ ಕಾಣುತ್ತೇನೆ. ‘ಹೀಗಾಗುತ್ತದೆಂದು ಯಾರಿಗೆ ಗೊತ್ತಿತ್ತು’ ಎಂಬ ನೆಪ ನಮಗೆ ಉಳಿಯದಂತೆ ಮಾಡಿದರು. ಬಿರುಕು ಎಲ್ಲಿದೆ ಎಂದು ವಿಧಿಯ ಸಂಖ್ಯೆ ಸಮೇತ, ಕಾರಣ ಸಮೇತ, ದಿನಾಂಕ ಸಮೇತ ದಾಖಲೆಯಾಗಿದೆ. ಕಾನೂನು ಕೆಟ್ಟದಾಗಿ ಬಳಕೆಯಾದಾಗ ಅದನ್ನು ಬರೆದವರ ಅಜ್ಞಾನಕ್ಕೆ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಇಲ್ಲಿ ಅದು ಸಾಧ್ಯವಿಲ್ಲ.

ಅವರು ಹೇಳಿದ್ದೆಲ್ಲ ಸರಿ ಎಂದು ನಾನು ವಾದಿಸುವುದಿಲ್ಲ. 1949ರ ಅಕ್ಟೋಬರ್ 17ರಂದು ಸಂವಿಧಾನದ ಪ್ರಸ್ತಾವನೆ ಚರ್ಚೆಗೆ ಬಂದಾಗ ಅದು ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕು ಎಂದು ತಿದ್ದುಪಡಿ ತಂದವರೂ ಇದೇ ಕಾಮತರು. ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ನಂಬಿಕೆಯ ವಿಷಯವನ್ನು ಎಲ್ಲರ ಮೇಲೂ ಹೇರಬಾರದು ಎಂದು ಕುಂಜ್ರು ವಿರೋಧಿಸಿದರು. ಕಾಮತರು ಬಗ್ಗಲಿಲ್ಲ, ಎಣಿಕೆಯೇ ಆಗಲಿ ಎಂದರು. ಪರ 41, ವಿರೋಧ 68. ನಮ್ಮ ಇತಿಹಾಸದಲ್ಲಿ ಇದು ಕರಾಳ ದಿನ, ದೇವರೇ ಭಾರತವನ್ನು ಕಾಪಾಡಲಿ ಎಂದು ಹೇಳಿ ಕುಳಿತರು. ಸಭೆ ತೀರ್ಮಾನಿಸಿದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ದೇವರನ್ನು ನಂಬದವನೂ ‘ಭಾರತದ ಜನತೆಯಾದ ನಾವು’ ಎಂಬುದರೊಳಗೆ ಬರಬೇಕಲ್ಲ. ಜೊತೆಗೆ, ಹಕ್ಕು ಹೋದಾಗಲೂ ದೇವರನ್ನು ಕರೆದು, ಪ್ರಸ್ತಾವನೆಯ ತಿದ್ದುಪಡಿ ಬಿದ್ದಾಗಲೂ ದೇವರನ್ನೇ ಕರೆದರೆ ಕೇಳುವವರು ಎರಡಕ್ಕೂ ಒಂದೇ ತೂಕ ಕೊಡುತ್ತಾರೆ. ಅತಿ ನಾಟಕೀಯತೆ ಅವರ ದೌರ್ಬಲ್ಯವಾಗಿತ್ತು.

ನೆಚ್ಚಿನವರನ್ನು ಆರಿಸುವಾಗ ಅವರ ನಿಲುವುಗಳನ್ನು ನಮ್ಮ ನಿಲುವುಗಳ ಪಕ್ಕದಲ್ಲಿಟ್ಟು ತಾಳೆ ನೋಡುವ ಚಾಳಿ ನಮ್ಮದು. ಹಾಗೆ ಆರಿಸಿದರೆ ಕೊನೆಗೆ ಸಿಗುವುದು ನಮ್ಮದೇ ಪ್ರತಿಬಿಂಬ. ಕಾಮತರ ವಿಧಾನ ನನಗೆ ಇಷ್ಟ: ಪಠ್ಯವನ್ನು ಓದು, ಬೇರೆ ದೇಶಗಳ ಅನುಭವ ತಿಳಿದುಕೋ, ಲಿಖಿತವಾಗಿ ತಿದ್ದುಪಡಿ ಕೊಡು, ಮತಕ್ಕೆ ಹಾಕಿಸು, ಸೋತರೆ ಮುಂದಿನ ವಿಧಿಗೆ ಸಿದ್ಧನಾಗಿ ಬಾ.

ಅವರ ಹೆಸರು ಇಂದಿಗೂ ದಿನನಿತ್ಯ ಕೇಳಿಬರುವ ಒಂದು ಜಾಗವೆಂದರೆ ಕಾನೂನು ಕಾಲೇಜು. ಅದಕ್ಕೆ ಕಾರಣ ಒಂದು ಬಣ್ಣದ ಪಟ್ಟಿ. 1952ರ ಮೊದಲ ಮಹಾಚುನಾವಣೆಯಲ್ಲಿ ಕಾಮತರು ಹೋಶಂಗಾಬಾದಿನಲ್ಲಿ ನಿಂತು 174 ಮತಗಳಿಂದ ಸೋತರು. ಅವರಿಗೆ 65,201, ಗೆದ್ದ ಸೈಯದ್ ಅಹಮದ್ ಅವರಿಗೆ 65,375. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಮತದಾನ ನಡೆದಿತ್ತು. ಲೋಕಸಭೆಯ ಮತಪತ್ರಕ್ಕೆ ಹಸಿರು ಪಟ್ಟಿ, ವಿಧಾನಸಭೆಯದಕ್ಕೆ ಕಂದು ಪಟ್ಟಿ ಇರಬೇಕಿತ್ತು. ಸೋಭಾಪುರದ 316 ಮತ್ತು 317ನೇ ಮತಗಟ್ಟೆಗಳಲ್ಲಿ ಲೋಕಸಭೆಗೆ ಮತ ಹಾಕಲು ಬಂದವರ ಕೈಗೆ ಸಿಬ್ಬಂದಿ ಕಂದು ಪಟ್ಟಿಯ ಮತಪತ್ರ ಕೊಟ್ಟುಬಿಟ್ಟರು. ಅಂಥವು ಒಟ್ಟು 443. ಅವುಗಳಲ್ಲಿ 301 ಸೈಯದ್ ಅಹಮದ್ ಅವರಿಗೆ, 62 ಕಾಮತರಿಗೆ, ಉಳಿದ 80 ಬೇರೆಯವರಿಗೆ ಬಿದ್ದಿದ್ದವು. ನಿಯಮದ ಪ್ರಕಾರ ತಪ್ಪು ಗುರುತಿನ ಮತಪತ್ರ ತಿರಸ್ಕೃತವಾಗಬೇಕು, ಎಣಿಕೆಯ ಅಧಿಕಾರಿ ಎಲ್ಲವನ್ನೂ ಸ್ವೀಕರಿಸಿದರು. ಕಳೆದು ನೋಡಿದರೆ ಕಾಮತರೇ 65 ಮತಗಳಿಂದ ಮುಂದಿದ್ದರು.

ಚುನಾವಣಾ ನ್ಯಾಯಮಂಡಳಿ ಅವರ ಅರ್ಜಿ ವಜಾ ಮಾಡಿತು. ಹೈಕೋರ್ಟಿನಲ್ಲೂ ಕೆಲಸವಾಗಲಿಲ್ಲ. 1954ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ನ್ಯಾಯಮಂಡಳಿಯ ತೀರ್ಪನ್ನು ರದ್ದುಮಾಡಿ, ಆ ಚುನಾವಣೆಯೇ ಅಸಿಂಧು ಎಂದಿತು. ಕಾಮತರು ಗೆದ್ದರೆಂದು ಮಾತ್ರ ಘೋಷಿಸಲಿಲ್ಲ. ಅಧಿಕಾರಿಗಳ ಎಡವಟ್ಟಿನಿಂದ ಮತದಾರರ ಮತ ವ್ಯರ್ಥವಾಗಬಾರದು, ಹಾಗಾಗಿ ಮತ್ತೆ ಜನರ ಬಳಿಗೇ ಹೋಗಬೇಕು. ಹೋದರು, ಗೆದ್ದು ಮೊದಲ ಲೋಕಸಭೆಯ ಉಳಿದ ಅವಧಿಗೆ ಸದಸ್ಯರಾದರು. ಕೆಳಗಿನ ನ್ಯಾಯಮಂಡಳಿ ಕಾನೂನಿನ ದೋಷ ಮಾಡಿದಾಗ ಮೇಲಿನ ನ್ಯಾಯಾಲಯ ರಿಟ್ (ವಿಶೇಷ ಆದೇಶ) ಮೂಲಕ ಎಷ್ಟರಮಟ್ಟಿಗೆ ಕೈಹಾಕಬಹುದು ಎಂಬುದಕ್ಕೆ ಆ ತೀರ್ಪು ಇಂದಿಗೂ ಪಾಠ. ನ್ಯಾಯಾಲಯದ ಬಾಗಿಲು ಮುಚ್ಚಬೇಡಿ ಎಂದು 1949ರಲ್ಲಿ ಗಂಟಲು ಹರಿದುಕೊಂಡವರು ಐದಾರು ವರ್ಷದ ನಂತರ ಸಂಸತ್ತಿಗೆ ಮರಳಿದ್ದು ಅದೇ ಬಾಗಿಲಿನಿಂದ.

ಇಂಥವರು ಈಗ ಏಕೆ ಕಾಣುವುದಿಲ್ಲ ಎಂಬ ಹಳಹಳಿಕೆ ಆಗಾಗ ಕೇಳುತ್ತದೆ. ಗುಣದ ಕೊರತೆಗಿಂತ ನಿಯಮದ ಬದಲಾವಣೆಯೇ ದೊಡ್ಡ ಕಾರಣ ಎನ್ನುತ್ತೇನೆ. 1985ರ 52ನೇ ತಿದ್ದುಪಡಿಯಿಂದ ಬಂದ ಪಕ್ಷಾಂತರ ನಿಷೇಧದ ಪ್ರಕಾರ ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಕಾಮತರ ಕಾಲದಲ್ಲಿ ಬಂಡಾಯಕ್ಕೆ ಇದ್ದ ಬೆಲೆ ಪಕ್ಷದವರ ಮುನಿಸು ಮಾತ್ರ. ಮಂತ್ರಿಯಲ್ಲದವರು ತರುವ ಖಾಸಗಿ ಮಸೂದೆಗಳ ಗತಿಯೂ ಅಷ್ಟೇ. ಸ್ವಾತಂತ್ರ್ಯಾನಂತರ ಸಂಸತ್ತಿನಲ್ಲಿ ಹಾಗೆ ಬಂದು ಕಾಯ್ದೆಯಾದದ್ದು 14 ಮಾತ್ರ, ಕೊನೆಯದು 1970ರಲ್ಲಿ. ಹಾಜರಾತಿ, ಪ್ರಶ್ನೆಗಳ ಸಂಖ್ಯೆ ಎಣಿಸಿ ಸದಸ್ಯರಿಗೆ ಅಂಕ ಕೊಡುವಾಗ ಈ ಮಿತಿಗಳು ನೆನಪಿರಲಿ.

ಇನ್ನೊಂದು ಸೋಲಿನ ಲೆಕ್ಕ ಬಾಕಿ ಇದೆ, ಅದು ಕರ್ನಾಟಕಕ್ಕೆ ನೇರವಾಗಿ ತಾಗುವಂಥದು. ರಾಜ್ಯ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಕರಡಿನಲ್ಲಿ ಮೊದಲು ರಾಜ್ಯಪಾಲರು ಹೊರಡಿಸಿದ ಘೋಷಣೆ ಬಂದರೆ ಮಾತ್ರ ಎಂದಿತ್ತು. 1949ರ ಆಗಸ್ಟಿನಲ್ಲಿ ಅದನ್ನು ರಾಜ್ಯಪಾಲರ ವರದಿ ಎಂದು ಬದಲಿಸಿ, ಜೊತೆಗೆ ‘ಅಥವಾ ಅನ್ಯಥಾ’ ಎಂದು ಸೇರಿಸಿದರು, ಅಂದರೆ ವರದಿ ಇಲ್ಲದೆಯೂ ಆಗಬಹುದು. ಕಾಮತರು ಸಿಡಿದೆದ್ದರು. ಇದೊಂದು ಪೈಶಾಚಿಕ ಪದ, ಇದನ್ನು ಕಿತ್ತುಹಾಕಿ ಎಂದರು. ಇಂಥ ವಿಧಿಗಳು ಎಂದೂ ಬಳಕೆಗೆ ಬಾರದೆ ಬರೀ ಅಕ್ಷರವಾಗಿ ಉಳಿಯಲಿ ಎಂಬ ಆಶಯವನ್ನು ಮರುದಿನ ಅಂಬೇಡ್ಕರ್ ವ್ಯಕ್ತಪಡಿಸಿದರು. ಅದು ನೂರಕ್ಕೂ ಹೆಚ್ಚು ಸಲ ಬಳಕೆಯಾಯಿತು. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿ ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಕೇಳದೆ, ರಾಜ್ಯಪಾಲರ ವರದಿಯ ಮೇಲೆ ಅವರ ಸರ್ಕಾರವನ್ನು ವಜಾ ಮಾಡಲಾಯಿತು. 1991ರ ಜನವರಿಯಲ್ಲಿ ತಮಿಳುನಾಡಿನ ರಾಜ್ಯಪಾಲ ಸುರ್ಜಿತ್ ಸಿಂಗ್ ಬರ್ನಾಲ ವರದಿ ಕೊಡಲು ಒಪ್ಪದಿದ್ದಾಗ ಕೇಂದ್ರಕ್ಕೆ ನೆರವಾದದ್ದು ಆ ‘ಅನ್ಯಥಾ’ವೇ. ವರದಿಯಿಲ್ಲದೆಯೇ ಕರುಣಾನಿಧಿ ಸರ್ಕಾರ ಹೋಯಿತು.

1994ರ ಬೊಮ್ಮಾಯಿ ತೀರ್ಪು ಈ ವಿಧಿಗೆ ಕಡಿವಾಣ ಹಾಕಿತು. ಬಹುಮತ ತೀರ್ಮಾನವಾಗಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ. ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಕಾಮತರು ಅದನ್ನು ನೋಡಲಿಲ್ಲ, 1982ರಲ್ಲೇ ತೀರಿಕೊಂಡಿದ್ದರು. ಅವರು ಕಿತ್ತುಹಾಕಿ ಎಂದ ಆ ಪದವನ್ನು ಮಾತ್ರ 44ನೇ ತಿದ್ದುಪಡಿಯೂ ಮುಟ್ಟಲಿಲ್ಲ, ಬೊಮ್ಮಾಯಿ ತೀರ್ಪೂ ತೆಗೆಯಲಿಲ್ಲ. 356ನೇ ವಿಧಿಯ ಮೊದಲ ವಾಕ್ಯದಲ್ಲಿ ಅದು ಈಗಲೂ ಇದೆ.